ನಾವು ಕರೆಯದ ಪಂಪಾಪತಿ

ಕಳೆದ ಭಾನುವಾರ ಕಂಪ್ಲಿಯಲ್ಲಿ ನಮ್ಮ ಅಕ್ಕನ ಮಗಳ ನಿಶ್ಚಿತಾರ್ಥವಿತ್ತು. ಅಡುಗೆಗೆ ಪಂಪಾಪತಿಯವರನ್ನು ಕರೆದಿದ್ದೆವು. ಬೆಳಿಗ್ಗೆ ಪಂಪಾಪತಿ ಬಂದರು. ಆದರೆ ನಾವು ಕರೆದ ಪಂಪಾಪತಿ ಅವರಲ್ಲ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಹಂಪಿಯ ದೇವರ ಹೆಸರು. ನಮ್ಮ ಕಡೆ ಓಣಿಗೊಬ್ಬ ಪಂಪಾಪತಿ ಇದ್ದೇ ಇರುತ್ತಾನೆ. ಗುರುತಿಗೆ ಇರಲೆಂದು ಹೆಸರಿಗೆ ಮೊದಲು ಕೆಲಸ ಸೇರಿಸುತ್ತೇವೆ. ಹಂಪಿಯಲ್ಲಿ ಗೈಡ್ ಪಂಪಾಪತಿ, ಹೊಸಪೇಟೆಯ ನಮ್ಮ ಬೀದಿಗೆ ಕರೆಂಟ್ ಪಂಪಾಪತಿ, ಆಚೆ ಬೀದಿಗೆ ಬ್ಯಾಂಕ್ ಪಂಪಾಪತಿ. (ಬ್ಯಾಂಕಿನವರು ನಿವೃತ್ತರಾಗಿ ಬಾಳೆ ಬೆಳೆಯುತ್ತಿದ್ದಾರೆ. ಊರಿಗೆ ಅವರಿನ್ನೂ ಬ್ಯಾಂಕೇ.)

ಅಡುಗೆ ಪಂಪಾಪತಿ ಎಂದರೆ ಎಮ್ಮಿಗನೂರಿನವರು. ಸುತ್ತಲಿನ ಮದುವೆಗಳಿಗೆಲ್ಲ ಬೇಕಾದವರು. ಹೋದ ವರ್ಷ ಅಕ್ಕನ ಮನೆಯಲ್ಲೂ ಅವರದೇ ಅಡುಗೆ. ಆ ನಂಬರ್ ಕಳೆದುಹೋಗಿ, ಭಾವ ಯಾರನ್ನೋ ಕೇಳಿ ಪಂಪಾಪತಿಯ ನಂಬರ್ ಪಡೆದಿದ್ದರು. ಅದು ಸಂಡೂರಿನ ಪಂಪಾಪತಿಯದಾಗಿತ್ತು.

"ನೀವ್ಯಾರ್ರಿ?" ಬಾಗಿಲಲ್ಲೇ ಭಾವ ಕೇಳಿದರು.

"ಪಂಪಾಪತಿ ರೀ. ಸಂಡೂರು."

"ಎಮ್ಮಿಗನೂರು ಪಂಪಾಪತಿ ಎಲ್ಲದಾನ?"

"ಅದು ನಂಗ್ಹ್ಯಾಂಗ ಗೊತ್ತಾಗ್ಬೇಕ್ರಿ?"

ಕೂರಿಸಿ ವಿಚಾರಿಸಿದೆ. ಗಣಿಯೊಂದರಲ್ಲಿ ವರ್ಷಗಟ್ಟಲೆ ಡಂಪರ್ ಓಡಿಸಿದವರು. ಕಣ್ಣಿನ ಟೆಸ್ಟಿನಲ್ಲಿ ಫೇಲಾಗಿ ಕೆಲಸ ಹೋಯಿತು. ಡ್ರೈವರ್‌ಗಳ ರೂಮಿನಲ್ಲಿ ಅಡುಗೆ ಇವರದೇ ಆಗಿತ್ತು. ಈಗ ಅದನ್ನೇ ಹೊಟ್ಟೆಪಾಡು ಮಾಡಿಕೊಳ್ಳಲು ಹೊರಟಿದ್ದಾರೆ. ಆದರೆ ಜನ ಇನ್ನೂ ಕರೆಯುವುದು ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ ಹೇಳಲು. ಅಡುಗೆಗೆ ಕರೆದ ಮೊದಲ ಫೋನ್ ನಮ್ಮದೇ.

"ನಾನವನಲ್ಲ ಅಂತ ಫೋನಿನ್ಯಾಗ ಹೇಳ್ಬಾರದಾ?" ಭಾವನ ಸಿಟ್ಟು ಇಳಿದಿರಲಿಲ್ಲ.

"ಹೋದ್ವರ್ಷದಂಗ ಹೋಳಿಗಿ ಮಾಡ್ರಿ ಅಂದ್ರಲ್ಲ, ಆಗ್ಲೇ ಗೊತ್ತಾತ್ರಿ. ಅಲ್ಲ ಅನ್ನಾಕ ಬಾಯಿ ಬರ್ಲಿಲ್ಲ."

ಇದನ್ನು ಮೋಸ ಎನ್ನಬೇಕೆ? ಹೇಳಿದ ಹೆಸರು ನಿಜ. ಬಂದದ್ದೂ ಅಡುಗೆ ಮಾಡಲೆಂದೇ. ಆದರೆ ಮಧ್ಯಾಹ್ನಕ್ಕೆ ಬೀಗರು ಬರುವವರಿದ್ದರು.

ಭಾವ ಅವರಿವರನ್ನು ಕೇಳಿ ಸರಿಯಾದ ನಂಬರ್ ಹಿಡಿದು, ಎಮ್ಮಿಗನೂರಿನವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅವರು ಹೊಸಪೇಟೆಯ ಮದುವೆಯೊಂದರಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ಅಂವಗ ಮಾಡಾಕ ಹೇಳ್ರಿ. ನನ್ನ ಹೆಸರು ಕೆಡಿಸಿದ್ರ ಮಾತ್ರ ಬಿಡಂಗಿಲ್ಲ" ಎಂದರು.

"ಅದು ನನ್ನ ಹೆಸರೂ ಹೌದಲ್ರಿ ಯಣ್ಣಾ!" ಎಂದು ಸಂಡೂರಿನವರು ಕೂಗಿದರು.

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. "ಹಿಂಗ ನಿಂತು ಪಂಚಾಯ್ತಿ ಮಾಡಿದ್ರ ಬ್ಯಾಳಿ ಬೇಯ್ತೈತೇನು? ಒಲಿ ಹಚ್ರಿ ಜಲ್ದಿ!"

ಒಲೆ ಹತ್ತಿತು.

ಕೆಲಸವನ್ನು ಹೆಸರಿಗೆ ಅಂಟಿಸುವುದು ನಮಗೆ ಅನುಕೂಲ. ಕೆಲಸ ಇರುವವರೆಗೆ ಅವರಿಗೂ ಹೆಮ್ಮೆ. ಕೆಲಸ ಹೋದ ಮೇಲೆ? ಬ್ಯಾಂಕ್ ಪಂಪಾಪತಿಗೆ ಹಳೆಯ ಗುರುತಿನಿಂದ ಇಂದಿಗೂ ಕುರ್ಚಿ ಸಿಗುತ್ತದೆ. ಡಂಪರ್ ಪಂಪಾಪತಿಗೆ ಅದೇ ಗುರುತು ಅಡ್ಡ ನಿಲ್ಲುತ್ತದೆ. ಐವತ್ತು ದಾಟಿದ ಇವರಂಥವರೂ ಹೊಸ ಕೆಲಸ ಕಲಿಯಬಹುದು. ಅದನ್ನು ಊರು ಒಪ್ಪುವಂತೆ ಮಾಡುವುದು ಹೇಗೆ? ಯಾರಾದರೂ ತಪ್ಪಿ ಕರೆಯುವವರೆಗೆ ಕಾಯಬೇಕೆ?

ಊಟದ ವರದಿ: ಹೋಳಿಗೆ ದಪ್ಪವಾಗಿತ್ತು. ಅನ್ನ ಚೆನ್ನಾಗಿತ್ತು. ಬದನೆಕಾಯಿ ಎಣ್ಣೆಗಾಯಿ ಮಾತ್ರ ಖಾರದಲ್ಲಿ ಬೆಂಕಿ. (ಡ್ರೈವರ್‌ಗಳ ನಾಲಿಗೆಗೆ ಮಾಡಿ ರೂಢಿಯಾದ ಕೈ.) ಹುಡುಗನ ಸೋದರಮಾವ ಮೂಗು ಒರೆಸಿಕೊಳ್ಳುತ್ತ, "ಏನ್ರಿ ಬೀಗ್ರ, ಸಂಬಂಧ ಬ್ಯಾಡಂದ್ರ ಬಾಯ್ಲೆ ಹೇಳ್ಬೇಕಿಲ್ಲೇನು?" ಎಂದರು. ಪಂಕ್ತಿಯೆಲ್ಲ ನಕ್ಕಿತು. ಪಂಪಾಪತಿ ನಗಲಿಲ್ಲ, ಸೌಟು ಹಿಡಿದು ಅವರ ಎಲೆಯನ್ನೇ ನೋಡುತ್ತಿದ್ದರು. ಮಾವ ಇನ್ನೆರಡು ಬದನೆಕಾಯಿ ಹಾಕಿಸಿಕೊಂಡರು.

ಆ ಸೋದರಮಾವ ದರೋಜಿಯಲ್ಲಿ ಮನೆ ಕಟ್ಟಿಸಿದ್ದಾರೆ. ಬುಧವಾರ ಅವರೇ ಸಂಡೂರಿಗೆ ಫೋನ್ ಮಾಡಿ ಗೃಹಪ್ರವೇಶದ ಅಡುಗೆ ಒಪ್ಪಿಸಿದ್ದಾರೆ. ಖಾರ ಸ್ವಲ್ಪ ಕಡಿಮೆ ಇರಲಿ ಎಂದಿದ್ದಾರೆ.