ಫೋನಿನೊಳಗಿನ ಬಿಟ್ಟಿ ಬಾಡಿಗೆದಾರರು

ಫೋನು ಕೆಟ್ಟಿರಲಿಲ್ಲ. ಬೇಡದ ಆ್ಯಪುಗಳು ಅದರೊಳಗೆ ಕಾಲು ಚಾಚಿ ಮಲಗಿದ್ದವು. ಅವನ್ನು ಓಡಿಸುವ ಭರದಲ್ಲಿ ಬೇಕಾದದ್ದನ್ನೂ ನಾನೇ ಓಡಿಸಿದೆ. ನಡೆದದ್ದು ಇಷ್ಟೇ. ಮಗಳು ಬೇರೆ ಏನೇನೋ ಹೇಳಿಕೊಂಡು ತಿರುಗುತ್ತಾಳೆ. ಅವಳು ರಾಣೆಬೆನ್ನೂರಿನಲ್ಲಿದ್ದಳು, ನಾನು ಬ್ಯಾಡಗಿಯಲ್ಲಿದ್ದೆ. ಕಂಡವಳು ನಾನು.

ನನ್ನ ಕೆಲಸ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಸುಗ್ಗಿಯಲ್ಲಿ ನಮ್ಮೂರ ಗೋದಾಮುಗಳಲ್ಲಿ ಕೆಂಪು ರಾಶಿಯ ಸುತ್ತ ಹೆಂಗಸರು ಕುಳಿತು, ಕಾಯಿ ಹಿಡಿದು ತೊಟ್ಟು ಕೀಳುತ್ತೇವೆ. ಇಂದು ಒಂದು ಗೋದಾಮು, ನಾಳೆ ಇನ್ನೊಂದು. ಮಾಲು ಎಲ್ಲಿ ಬಂದಿದೆಯೋ ಅಲ್ಲಿ. ಎಲ್ಲಿಗೆ ಬರಬೇಕೆಂದು ನಮ್ಮ ಮೇಸ್ತ್ರಿ ಬೆಳಗಾಗುವ ಮುಂಚೆ ವಾಟ್ಸಾಪಿನ ಗುಂಪಿಗೆ ಮಾತಾಡಿ ಕಳಿಸುತ್ತಾಳೆ. ಅವಳೂ ಹೆಂಗಸೇ, ನನಗಿಂತ ಚಿಕ್ಕವಳು, ಆದರೂ ಎಲ್ಲರ ಬಾಯಲ್ಲಿ ಅಕ್ಕ. ಬರೆದು ಕಳಿಸಿದರೆ ಓದುವವರು ನಮ್ಮಲ್ಲಿ ಕಡಿಮೆ. ಮಾತಾದರೆ ಕಿವಿ ಇದ್ದರೆ ಸಾಕು.

ಗೋದಾಮಿನಲ್ಲಿ ಬಾಗಿಲ ಬಳಿಯ ಜಾಗ ನನ್ನದು. ಗೋದಾಮು ಬದಲಾದರೂ ಬಾಗಿಲು ನನ್ನದೇ. ಅಲ್ಲಿ ಗಾಳಿ ಬರುತ್ತದೆ, ಘಾಟು ಹೊರಗೆ ಹೋಗುತ್ತದೆ. ಒಳಗಿನ ಮೂಲೆಯಲ್ಲಿ ಕುಳಿತವರು ಸಂಜೆಯ ತನಕ ಸೀನುತ್ತಾರೆ. ರಸ್ತೆಯಲ್ಲಿ ಯಾರು ಯಾರ ಗಾಡಿಯ ಮೇಲೆ ಹೋದರು ಎಂದು ಒಳಗಿನವರಿಗೆ ಸುದ್ದಿ ಹೇಳುವುದೂ ಬಾಗಿಲಿನವಳ ಕೆಲಸ. ಆ ಜಾಗವನ್ನು ನನಗೆ ಯಾರೂ ಕೊಟ್ಟದ್ದಲ್ಲ. ಮೂಲೆಯಲ್ಲಿ ಸೀನುತ್ತ ಶುರುಮಾಡಿ, ವರ್ಷಕ್ಕೆ ಒಂದಿಷ್ಟು ಸರಿದು ಸರಿದು ಬಂದು ಹಿಡಿದದ್ದು.

ಇನ್ನು ಫೋನಿನ ವಿಷಯ. ಅದನ್ನು ಹಾವೇರಿಯಲ್ಲಿ ಮಗಳು ಕೊಡಿಸಿದಳು. ಅಂಗಡಿಯವನು, "ಎಲ್ಲಾ ಒಳಗ ಹಾಕೇ ಕೊಟ್ಟಿರ್ತಾರ್ರಿ ಅಜ್ಜಿ, ನೀವೇನೂ ಹಾಕ್ಕೊಳ್ಳೂದು ಬ್ಯಾಡ" ಎಂದ. ಖರೇ ಹೇಳಿದ. ಇಸ್ಪೀಟು ಆಡಿಸುವುದು ಒಂದು. ನನಗೆ ಬಾರದ ಭಾಷೆಯಲ್ಲಿ ಸುದ್ದಿ ಕೂಗುವುದು ಒಂದು. ಸೀರೆ ಮಾರುವುದು, ಸಾಲ ಕೊಡುತ್ತೇನೆನ್ನುವುದು, ಭವಿಷ್ಯ ಹೇಳುವುದು. ನಡೆದ ಹೆಜ್ಜೆ ಎಣಿಸುವುದು ಒಂದಿತ್ತು. ಬಚ್ಚಲಿಗೆ ಹೋಗಿ ಬಂದರೂ ಶಹಬ್ಬಾಸ್ ಎನ್ನುತ್ತಿತ್ತು. ಫೋನು ಹೊಲಸಾಗಿದೆ, ತೊಳೆಯುತ್ತೇನೆ ಎಂದು ಗಳಿಗೆಗೊಮ್ಮೆ ಕೇಳುವುದೊಂದು. ಬೀಗ ತೆಗೆಯುವ ಮುಂಚೆಯೇ ಚಿತ್ರ ತೋರಿಸುವುದು ಬೇರೆ. ಒಂದು ದಿನ ಹಿಮದ ಬೆಟ್ಟ, ಒಂದು ದಿನ ಅರ್ಧ ಬಟ್ಟೆಯ ಹುಡುಗಿ. ಹುಡುಗಿ ಬಂದ ದಿನ ನಾನು ಬಸ್ಸಿನಲ್ಲಿ ಫೋನು ಹೊರಗೆ ತೆಗೆಯುತ್ತಿರಲಿಲ್ಲ. ಇವೆಲ್ಲದರ ನಡುವೆ ಹಸಿರು ಗುರುತಿನ ವಾಟ್ಸಾಪೂ ಮೊದಲೇ ಬಂದು ಕುಳಿತಿತ್ತು. ನನಗೆ ಬೇಕಾದದ್ದು ಅದೊಂದೇ.

ಎಲ್ಲವೂ ತಿಂದು ತಿಂದು ಬೆಳೆದವು. ಕೊನೆಗೆ ಮೇಸ್ತ್ರಿಯ ಮಾತು ಬಂದರೂ ತೆರೆಯದಾಯಿತು. ಒತ್ತಿದರೆ ಜಾಗ ಇಲ್ಲ ಎಂದು ಬರೆದು ತೋರಿಸುತ್ತಿತ್ತು. ನಾನು ಹಿಂದಿನ ದಿನದ ಗೋದಾಮಿಗೇ ಹೋದೆ. ಬೀಗ ಹಾಕಿತ್ತು. ಮುಚ್ಚಿದ ಬಾಗಿಲ ಹೊರಗೆ, ನನ್ನ ಜಾಗಕ್ಕೆ ತಾಗಿಯೇ, ಒಂದು ನಾಯಿ ಮಲಗಿತ್ತು. ಮರುದಿನವೂ ಹೋದೆ. ಅದೇ ನಾಯಿ.

ಆ ಮಧ್ಯಾಹ್ನ ಮೇಸ್ತ್ರಿ ಫೋನು ಮಾಡಿದಳು.

"ಏನಬೇ ಅಜ್ಜಿ, ಎಲ್ಲಿ ಸತ್ತೀದಿ?"

"ಸತ್ತಿದ್ರ ಫೋನ್ ಎತ್ತತಿದ್ನೇನ? ನಿನ್ನ ಮಾತು ತೆರ್ಯಾಕ ವಲ್ದು. ಬೆಳಿಗ್ಗೆ ಒಂದು ಫೋನ್ ಮಾಡಿದ್ರ ನಿನ್ನ ಬಾಯಿ ಸವಿತೈತೇನ?"

"ಇಷ್ಟು ಮಂದಿಗೆ ಒಬ್ಬೊಬ್ಬರಿಗೆ ಫೋನ್ ಮಾಡ್ಕೋತ ಕುಂದ್ರಲೇನ? ನಾಳೆ ಬರಲಿಲ್ಲ ಅಂದ್ರ ಬಾಗಲಾ ಹತ್ರ ಆ ದೇವರಗುಡ್ಡದಾಕಿನ್ನ ಕುಂದ್ರಸ್ತೀನಿ. ಆಮ್ಯಾಲ ಬಂದು ಜಗಳಾಡಬ್ಯಾಡ."

ದೇವರಗುಡ್ಡದವಳು ಹೊಸಬಳು, ಮೂಲೆಯವಳು. ಅವಳು ಸೀನಿದರೆ ರಾಶಿಯ ಮೇಲಿನ ಕಾಯಿ ಉರುಳುತ್ತವೆ. ಅವಳಿಗೆ ಗಾಳಿ ಬೇಕು, ಒಪ್ಪುತ್ತೇನೆ. ನನಗೂ ಬೇಕು.

ಪಕ್ಕದ ಮನೆಯಲ್ಲಿ ಆಪಾ ಇದ್ದಾಳೆ. ಸೀರೆಗೆ ಫಾಲು ಹಚ್ಚುತ್ತಾಳೆ, ನನ್ನದೇ ವಯಸ್ಸು. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವಳು ಕಲಿತದ್ದು ಉರ್ದು ಶಾಲೆಯಲ್ಲಿ, ಕನ್ನಡ ಓದಲು ಕಲಿತದ್ದು ಅಂಗಡಿ ಬೋರ್ಡು ನೋಡಿ. ಆದರೆ ಅವಳ ಹತ್ತಿರ ಕನ್ನಡಕವಿದೆ. ನಾನು ಫೋನು ತೆಗೆದುಕೊಂಡು ಹೋಗಿ ಅವಳ ಕಟ್ಟೆಯ ಮೇಲೆ ಕುಳಿತೆ. ಅವಳದು ಗುಂಡಿ ಒತ್ತುವ ಸಣ್ಣ ಫೋನು. ಅದರಿಂದ ಮಗಳಿಗೆ ಹಚ್ಚಿ, ನನ್ನದನ್ನು ಮಡಿಲಲ್ಲಿ ತೆರೆದಿಟ್ಟುಕೊಂಡೆವು.

ಮಗಳು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಗಳ ಮುಂದೆ ನಿಂತೇ ಹೇಳಿಕೊಟ್ಟಳು.

"ಯವ್ವಾ, ಹಲ್ಲಿನ ಚಕ್ರದಂಗ ಒಂದು ಚಿತ್ರ ಐತಲ್ಲ, ಅದನ್ನ ಒತ್ತು. ಒಳಗ ಆ್ಯಪ್ ಅಂತ ಐತಿ... ಸೌತಿ ಬೀಜ ಆ ಕಡೆ ಅದಾವ್ರಿ ಯಜಮಾನ್ರ... ಒತ್ತಿದಿ? ಈಗ ಎಲ್ಲಾ ಸಾಲಾಗಿ ಬರ್ತಾವ. ಒಂದೊಂದನ್ನ ಒತ್ತಿ ನೋಡು. ತೆಗಿ ಅಂದ್ರ ತೆಗ್ಯಾಕ ಬರೂವು ಕೆಲವು. ಫೋನಿನ ಜೊತಿಗೆ ಬಂದಿದ್ದನ್ನ ಪೂರಾ ಕೀಳಾಕ ಬರೂದಿಲ್ಲ. ಅದು ಬೆಳಿಸ್ಕೊಂಡಿದ್ದನ್ನ ಅಳಿಸಿ, ಬಾಗಲಾ ಮುಚ್ಚಿ ಮಲಗಿಸಿಬಿಡೂದು. ಮಲಗಿದ್ರ ಮತ್ತ ಬೆಳ್ಯೂದಿಲ್ಲ."

"ಮಲಗಿಸೂ ಗುಂಡಿ ಯಾವುದು?"

"ನಿಷ್ಕ್ರಿಯಗೊಳಿಸಿ ಅಂತ ಬರದಿರ್ತೈತಿ. ನೋಡ್ರಿ, ಏನಂತ ಗೊತ್ತಿಲ್ಲದ್ದಕ್ಕ ಕೈ ಹಚ್ಚಬ್ಯಾಡ್ರಿ. ನಾ ಇಡ್ತೀನಿ."

ಇಟ್ಟಳು. ಆಪಾ ಕನ್ನಡಕ ಮೂಗಿನ ತುದಿಗೆ ತಂದು ಆ ಗುಂಡಿಯ ಮೇಲಿನ ಅಕ್ಷರ ಓದಲು ಶುರುಮಾಡಿದಳು.

"ನಿ... ನಿಷ್... ನಿಷ್ಕ್... ಯಾ ಅಲ್ಲಾ, ಇದನ್ನ ಯಾರು ಬರದಾರಬೇ? ಬಾಯಾಗ ಹಲ್ಲಿದ್ದವರ ಕೆಲಸ ಇದು."

"ನಿನಗ ಮೂರು ಹಲ್ಲಾರ ಅದಾವ. ಓದು."

"ಇದ್ದದ್ದೂ ಉದುರ್ತಾವ ಈಗ!"

ಅಲ್ಲಿಂದ ಹತ್ತಿತು ನೋಡಿ ನಗು. ಅವಳು ನಿಷ್ಕ್ ಎಂದಷ್ಟೇ ಅನ್ನುವಳು, ನಾನು ಒತ್ತುವೆ. ಮೊದಲು ಇಸ್ಪೀಟಿನದು ಹೋಯಿತು. ಅದು ತೆಗೆಯಲು ಬರುವ ಜಾತಿಯದು, ಹೇಳಹೆಸರಿಲ್ಲದೆ ಹೋಯಿತು. ಸುದ್ದಿ ಕೂಗುವುದನ್ನು ಒತ್ತಿದಾಗ ಫೋನು ದೊಡ್ಡದಾಗಿ ಏನೋ ಬರೆದು ತೋರಿಸಿತು. ಆಪಾ ಓದಿ ಗಾಬರಿಯಾದಳು.

"ಇದನ್ನ ಮುಚ್ಚಿದ್ರ ಉಳಿದವೂ ಕೆಲಸ ಮಾಡ್ಲಿಕ್ಕಿಲ್ಲ ಅಂತ ಬರದೈತಿ. ಬಿಡು ಬಿಡು."

"ಅಂಜಸಾಕತ್ತೈತಿ ಅಷ್ಟ. ಮನಿ ಬಿಡ್ರಿ ಅಂದ್ರ ಬಾಡಿಗಿದಾರರೂ ಹಿಂಗ ಅಂತಾರ, ನಾವು ಹೋದ್ರ ನಿಮ್ಮ ಗ್ವಾಡಿ ಬೀಳತಾವ ಅಂತ."

"ಇವು ಬಾಡಿಗಿನೂ ಕೊಟ್ಟಿಲ್ಲಲ್ಲ!"

"ಒತ್ತಲೇನ?"

"ಒತ್ತಬೇ!"

ಹೆಜ್ಜೆ ಎಣಿಸುವುದು ಬೆಳೆಸಿಕೊಂಡದ್ದನ್ನು ಅಳಿಸಿ ಮಲಗಿಸಿದೆವು. ಸಾಲದವನನ್ನು ಮಲಗಿಸಿದೆವು. ಭವಿಷ್ಯದವನನ್ನು ಮಲಗಿಸುವಾಗ ಆಪಾ, "ಪಾಪ, ಇವತ್ತು ಹಿಂಗ ಆಗ್ತೈತಿ ಅಂತ ಅವಗ ಗೊತ್ತಿರಲಿಲ್ಲ ನೋಡು" ಎಂದು ಕಣ್ಣೀರು ಬರುವ ತನಕ ನಕ್ಕು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಮರುಗಳಿಗೆ ಚೀರಿದಳು. ನನ್ನ ಫೋನು ಸುಗ್ಗಿಯುದ್ದಕ್ಕೂ ಮೆಣಸಿನಕಾಯಿ ಕೈಯಲ್ಲೇ ಇರುವಂಥದು, ಅವಳು ಅದನ್ನು ಇಷ್ಟು ಹೊತ್ತು ಹಿಡಿದುಕೊಂಡಿದ್ದಳು.

"ನಿನ್ನ ಫೋನಿಗೂ ಖಾರ ಹತ್ತೈತಲ್ಲಬೇ! ಕಣ್ಣು ಹೋತು ನಂದು!"

"ಹೋಗಲಿ ಬಿಡು, ಕನ್ನಡಕ ನನಗ ಆಗ್ತೈತಿ."

ಮುಖಕ್ಕೆ ನೀರು ಎರಚಿಕೊಂಡು ಬಂದು, ನನ್ನ ಬೆನ್ನಿಗೆ ಒಂದು ಗುದ್ದಿ, ಮತ್ತೆ ಕುಳಿತಳು. ಒಂದು ಕಣ್ಣು ಮುಚ್ಚಿಯೇ ಇತ್ತು.

ತಪ್ಪಾದದ್ದು ಇಲ್ಲಿ. ತೊಟ್ಟು ಬಿಡಿಸುವ ಕೈಗೆ ಒಂದು ಚಾಳಿ ಇರುತ್ತದೆ. ಶುರುವಿಗೆ ನಾಲ್ಕು ಕಾಯಿ ನೋಡಿ ಬಿಡಿಸುತ್ತೇವೆ. ಆಮೇಲೆ ಕೈ ತಾನೇ ಓಡುತ್ತದೆ, ಕಣ್ಣು ರಸ್ತೆಯ ಮೇಲೆ, ಬಾಯಿ ಮಾತಿನ ಮೇಲೆ. ನೋಡುತ್ತ ಕುಳಿತರೆ ರಾಶಿ ಕರಗುವುದಿಲ್ಲ. ನಾನು ಆಪಾಗೆ ದೇವರಗುಡ್ಡದವಳು ಸೀನುವ ರೀತಿಯನ್ನು ಮಾಡಿ ತೋರಿಸುತ್ತಿದ್ದೆ. ಆಪಾ ಒಂದು ಕಣ್ಣಿನಲ್ಲಿ ನನ್ನ ಮುಖ ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದಳು. ಕೆಳಗೆ ಮಡಿಲಲ್ಲಿ ನನ್ನ ಬೆರಳು ಹಿಡಿ, ಒತ್ತು, ಹೂಂ ಅನ್ನು, ಹಿಡಿ, ಒತ್ತು, ಹೂಂ ಅನ್ನು ಎಂದು ಹೋಗುತ್ತಲೇ ಇತ್ತು. ಬೆರಳಿಗೆ ಅದೂ ತೊಟ್ಟೇ.

ಫೋನು ತಣ್ಣಗಾಯಿತು. ಟಿಣ್ ಇಲ್ಲ, ಶಹಬ್ಬಾಸ್ ಇಲ್ಲ, ಹುಡುಗಿಯೂ ಇಲ್ಲ. ಬೇಕಾದಷ್ಟು ಜಾಗವಾಯಿತೆಂದು ಆಪಾ ಓದಿ ಹೇಳಿದಳು. ಚಹಾ ಕುಡಿದೆವು. ಗೆದ್ದೆವು ಎಂದುಕೊಂಡು ಮೇಸ್ತ್ರಿಯ ಹಳೆಯ ಮಾತುಗಳನ್ನು ತೆರೆದು ಕೇಳೋಣವೆಂದು ಹಸಿರು ಗುರುತು ಹುಡುಕಿದೆ.

ಇರಲಿಲ್ಲ. ಈ ಪುಟ ಸರಿಸಿದೆ, ಆ ಪುಟ ಸರಿಸಿದೆ. ಖಾಲಿ ಹೊಲದಂತೆ ಬಯಲಾಗಿತ್ತು.

"ಆಪಾ, ಹಸಿರದು ಎಲ್ಲಿ ಐತಿ?"

"ನೀನ ಒತ್ತಾಕತ್ತಿದ್ದಿ."

"ನೀನ ನೋಡಾಕತ್ತಿದ್ದಿ."

"ನಾ ಒಂದ ಕಣ್ಣಾಗ ನಿನ್ನ ಮೂಗು ನೋಡಾಕತ್ತಿದ್ನಿ!"

ಮಗಳಿಗೆ ಹಚ್ಚಿದೆವು. ಎತ್ತಲಿಲ್ಲ. ಅಂಗಡಿ ಮುಚ್ಚಿ ಬಸ್ಸು ಹತ್ತಿರಬೇಕು. ಆ ಹೊತ್ತಿನ ಬಸ್ಸಿನಲ್ಲಿ ನಿಂತವಳಿಗೆ ಎರಡೂ ಕೈ ಕಂಬಿಗೇ ಬೇಕು. ಮೇಸ್ತ್ರಿಗೆ ಹಚ್ಚಿ, ನಾಳೆ ಎಲ್ಲಿ ಎಂದು ಕೇಳಿದೆ. "ಮಾಲು ಎಲ್ಲಿ ಇಳಿತೈತಿ ಅಂತ ನನಗ ಗೊತ್ತಾಗೂದ ನಸಿಕಿನ್ಯಾಗ. ಗ್ರೂಪಿನ್ಯಾಗ ಹೇಳ್ತೀನಿ, ಕೇಳು" ಎಂದು ಇಟ್ಟುಬಿಟ್ಟಳು. ಹಿಂದೆ ಯಾರೋ ಸೀನಿದ್ದು ಕೇಳಿಸಿತು. ನನಗೆ ಗೊತ್ತು ಯಾರೆಂದು.

ಆಪಾ ತೋಬಾ ತೋಬಾ ಎಂದು ಗಲ್ಲ ಬಡಿದುಕೊಂಡಳು. "ಹೋತು ಬಿಡು. ನಾಳೆಯಿಂದ ಮೂಲ್ಯಾಗ ಕುಂದ್ರು. ಅಭ್ಯಾಸ ಆಗ್ತೈತಿ."

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ತಲೆ ಸ್ವಲ್ಪ ಓಡುತ್ತದೆ. ಗೋದಾಮಿನಲ್ಲಿ ಸಂಜೆ ಕಸ ಗುಡಿಸಿದ ಮೇಲೆ ಅದನ್ನು ಹಾಗೇ ಹೊರಗೆ ಹಾಕಲು ಮೇಸ್ತ್ರಿ ಬಿಡುವುದಿಲ್ಲ. ಓಡುವ ಕೈ ತೊಟ್ಟಿನ ಜೊತೆಗೆ ಒಳ್ಳೆಯ ಕಾಯಿಯನ್ನೂ ಎಸೆದಿರುತ್ತದೆ ಎಂದು ಅವಳಿಗೆ ಗೊತ್ತು. ಕಸದ ಗುಡ್ಡೆಯ ಸುತ್ತ ಮತ್ತೊಮ್ಮೆ ಕುಳಿತು, ಕೈಯಾಡಿಸಿ, ಒಳ್ಳೆಯವನ್ನು ಆರಿಸಿಕೊಟ್ಟೇ ನಾವು ಏಳಬೇಕು. ಮಗಳು ಏನೆಂದಿದ್ದಳು? ಜೊತೆಗೆ ಬಂದದ್ದು ಹೋಗುವುದಿಲ್ಲ, ಮಲಗಿರುತ್ತದೆ. ಹಸಿರದೂ ಜೊತೆಗೇ ಬಂದದ್ದು. ಹಾಗಾದರೆ ಈ ಫೋನಿಗೂ ಒಂದು ಕಸದ ಗುಡ್ಡೆ ಇರಲೇಬೇಕು.

"ಕನ್ನಡಕ ಹಾಕ್ಕೋ. ಮಲಗಿದವೆಲ್ಲ ಎಲ್ಲಿ ಬಿದ್ದಾವ ಹುಡುಕು."

ಹಲ್ಲಿನ ಚಕ್ರದೊಳಗೆ ಮತ್ತೆ ಹೋದೆವು. ಈ ಸಲ ನಾನು ಬೆರಳನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡೆ, ತಾನಾಗಿ ಓಡದಿರಲಿ ಎಂದು. ಆಪಾ ಮೇಲಿನಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎಲ್ಲಾ ಆ್ಯಪುಗಳು ಎಂದು ಬರೆದದ್ದರ ಪಕ್ಕ ಸಣ್ಣ ಬಾಣದ ಗುರುತಿತ್ತು. ಅದನ್ನು ಒತ್ತಿದರೆ ಕೆಳಗೆ ಇನ್ನೂ ಎರಡು ಮೂರು ಸಾಲು ಇಳಿದವು. ಒಂದರ ಮೇಲೆ ಆಪಾಳ ಬೆರಳು ನಿಂತಿತು.

"ನಿಷ್ಕ್!"

"ಅದ! ಅದ ಒತ್ತು!"

ಒತ್ತಿದಳು. ಎಲ್ಲರೂ ಅಲ್ಲೇ ಇದ್ದರು. ಸಾಲದವನು, ಸುದ್ದಿಯವನು, ಭವಿಷ್ಯದವನು, ಬೆಟ್ಟ ಮತ್ತು ಹುಡುಗಿಯ ಚಿತ್ರದವನು, ಧರ್ಮಛತ್ರದಲ್ಲಿ ಮಲಗಿದಂತೆ ಸಾಲಾಗಿ. ಕೆಳಗೆ, ತುದಿಯಲ್ಲಿ, ಹಸಿರದು. ಅದರ ಹಿಂದೆಮುಂದೆ ಕ್ಯಾಮೆರಾ ಮತ್ತು ಗಡಿಯಾರವೂ ಬಿದ್ದಿದ್ದವು. ನನ್ನ ಕೈ ಯಾರನ್ನೂ ಬಿಟ್ಟಿರಲಿಲ್ಲ.

ಹಸಿರದನ್ನು ಎಬ್ಬಿಸಿದೆವು. ಪುಣ್ಯಕ್ಕೆ ಓಡುವ ಬೆರಳು ಅದನ್ನು ಮಲಗಿಸಿತ್ತಷ್ಟೇ, ಒಳಗಿನದನ್ನು ಅಳಿಸಿರಲಿಲ್ಲ. ಎದ್ದದ್ದೇ ತಡ ಟಿಣ್ ಟಿಣ್ ಟಿಣ್ ಎಂದು ತಡೆದಿಟ್ಟದ್ದೆಲ್ಲ ಒಳಗೆ ನುಗ್ಗಿತು. ಒತ್ತಿದರೆ ಮೇಸ್ತ್ರಿಯ ಧ್ವನಿ ಓಣಿ ತುಂಬಿತು: "ಬಾಗಲಾ ಹತ್ರದ ಅಜ್ಜಿ ಬಂದಿಲ್ಲ. ಆರಾಮ ಇಲ್ಲೋ ಏನೋ, ಯಾರಾರ ಹೋಗಿ ನೋಡಿ ಬರ್ರಿ." ಯಾರೂ ಬಂದಿರಲಿಲ್ಲ. ಗುಂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದರು. ಆಪಾ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಒರಗಿದಳು. ನಾನೂ ಒರಗಿದೆ. ನಕ್ಕು ನಕ್ಕು ಅವಳ ಇನ್ನೊಂದು ಕಣ್ಣಿನಲ್ಲೂ ನೀರು ಬಂತು. ಈ ಸಲ ಸೆರಗಿನಲ್ಲಿ ಒರೆಸಿಕೊಂಡಳು.

ಕ್ಯಾಮೆರಾವನ್ನು ಎಬ್ಬಿಸಿದೆವು. ಗಡಿಯಾರವನ್ನು ಬಿಟ್ಟೆ. ನನಗೆ ಕೋಳಿಯಿದೆ.

ಮರುದಿನ ನಸುಕಿನಲ್ಲಿ ಫೋನು ಒಮ್ಮೆ ಟಿಣ್ ಎಂದಿತು. ಒತ್ತಿದೆ. ತೆರೆಯಿತು. "ಸ್ಟೇಷನ್ ಕಡಿ ಗೋದಾಮಿಗೆ ಬರ್ರಿ, ಲಗೂ ಬರ್ರಿ." ಕೇಳಿಸಿತು, ಆದರೂ ಆಪಾಳ ಕಿಟಕಿಯ ಹತ್ತಿರ ಹಿಡಿದು ಜೋರಾಗಿ ಮತ್ತೊಮ್ಮೆ ಹಚ್ಚಿದೆ. ಒಳಗಿನಿಂದ ಅವಳು, "ಆಕಿಗೆ ಹೇಳು, ನನಗ ಫಾಲ್ ಹಚ್ಚೂ ಕೆಲಸ ಐತಿ, ಬರೂದಿಲ್ಲ" ಎಂದಳು.

ಸ್ಟೇಷನ್ ಕಡೆಗೆ ಸರಸರ ನಡೆದೆ. ಗೋದಾಮಿನ ಶಟರು ಇನ್ನೂ ಎದ್ದಿರಲಿಲ್ಲ. ದೇವರಗುಡ್ಡದವಳು ನನಗಿಂತ ಮೊದಲು ಬಂದು, ಕೂರುವ ಚೀಲ ಕಂಕುಳಲ್ಲಿ ಹಿಡಿದು ಬಾಗಿಲ ಮುಂದೆಯೇ ನಿಂತಿದ್ದಳು. ನನ್ನನ್ನು ನೋಡಿ ಒಮ್ಮೆ ಸೀನಿದಳು. ಹಮಾಲ ಬಂದು ಶಟರು ಎತ್ತಲು ಶುರುಮಾಡಿದ. ಅದು ಸೊಂಟದವರೆಗೆ ಎದ್ದಾಗಲೇ ನಾನು ಬಗ್ಗಿ ಒಳಗೆ ನುಸುಳಿ, ಚೀಲ ಹಾಸಿ ಕುಳಿತುಬಿಟ್ಟೆ. ಹಿಂದಿನಿಂದ ಮೇಸ್ತ್ರಿ, "ಶಟರ್ ಪೂರಾ ಏಳೂದ್ರಾಗ ಒಳಗ ಹೊಕ್ಕೀಯಲ್ಲಬೇ ಅಜ್ಜಿ!" ಎಂದು ಕೂಗಿದಳು.

ರಾಶಿಯಿಂದ ಒಂದು ಕಾಯಿ ಎತ್ತಿಕೊಂಡೆ, ಕಾಯಿಯೇ ಹೌದೋ ಅಲ್ಲವೋ ಎಂದು ನೋಡಿದೆ, ತೊಟ್ಟು ಕಿತ್ತೆ.