ಕೆಂಪು ದಾರದ ಇಮಾಮಹುಸೇನ

ಹಿಂದವಾಡಿಯಲ್ಲಿ ಯಾರೇ ಮನೆ ಬದಲಿಸಲಿ, ಅಂಗಳದ ದಾಸವಾಳವನ್ನು ಬೇರುಸಹಿತ ಹೊಸ ಅಂಗಳಕ್ಕೆ ಒಯ್ಯಲು ಇಮಾಮಹುಸೇನನೇ ಬರಬೇಕು. ಬಂದವನು ಮೊದಲು ಗುದ್ದಲಿ ಮುಟ್ಟುವುದಿಲ್ಲ. ಮೂಡಣ ದಿಕ್ಕಿನ ಟೊಂಗೆಗೆ ಕೆಂಪು ದಾರ ಕಟ್ಟುತ್ತಾನೆ. “ಅಲ್ಲಿ ಹೋದ್ರೂ ಇದರ ಮಾರಿ ಈ ಕಡೇನ ಇರಬೇಕ್ರಿ, ಇಲ್ಲಂದ್ರ ಗಾಬರಿ ಆಗತೈತಿ!” ಬೇರಿನ ಮಣ್ಣುಂಡೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತನೆಂದರೆ, ಪ್ರತಿ ತಗ್ಗಿಗೂ ಡ್ರೈವರನಿಗೆ ಬೈಗುಳ. ನೆಟ್ಟ ಮೇಲೆ, ಕರೆಯದಿದ್ದರೂ ದಿನಾ ಬೆಳಿಗ್ಗೆ ಬಂದು ಇಣುಕುತ್ತಾನೆ. ಗಿಡ ಬೇರುಬಿಟ್ಟು ಹೊಸ ಚಿಗುರು ಕಂಡಿತೋ, “ಹಿಡೀತು! ಹಿಡೀತ್ರೀ!” ಎಂಬ ಅವನ ಕೂಗಿನ ಮುಂದೆ ಓಣಿಯ ಕುಕ್ಕರುಗಳ ಸೀಟಿಯೂ ಕೇಳದು. ಹೋದ ತಿಂಗಳು ಅವನು ಎಂಬತ್ತು ದಾಟಿದ ತಾಯಿ ಮದರಬೀಯನ್ನು ಖಾನಾಪುರದಿಂದ ತನ್ನ ಬಾಡಿಗೆ ಕೋಣೆಗೆ ಕರೆತಂದ. ಆಕೆಯ ಮಂಚದ ಮೂಡಣ ಬದಿಯ ಕಾಲಿಗೆ ಕೆಂಪು ದಾರ ಕಟ್ಟಿಯೇ ತಂದಿದ್ದ. ಇಲ್ಲಿಯೂ ಅದನ್ನು ಮೂಡಣಕ್ಕೇ ಇಟ್ಟ. ಒಂಬತ್ತು ದಿನ ಆಕೆ ಗೋಡೆ ನೋಡುತ್ತ ಮಲಗಿದ್ದಳು. ಹತ್ತನೆಯ ಬೆಳಿಗ್ಗೆ ಲೋಟ ಕುಕ್ಕಿ ಗದರಿದಳು: “ಏನೋ ಇದು, ಚಾ ಐತೋ ಮುಸರಿ ನೀರೋ?” ಇಮಾಮಹುಸೇನ ಬರಿಗಾಲಲ್ಲೇ ಓಣಿಗೆ ಓಡಿದ: “ಹಿಡೀತು! ಹಿಡೀತ್ರೀ!”