ಕೆಂಪು ಕಾರು, ಕೋಳಿ ಕಾರು

ಮೋಟಾರ್ ಸೈಕಲ್ ಮಾರಿದ ದುಡ್ಡಿಗೆ ಹಳೆಯ ಅಮೆರಿಕನ್ ಕಾರೊಂದನ್ನು ಕೊಂಡು ನಾನೇ ರಿಪೇರಿ ಮಾಡುತ್ತೇನೆಂದು ಹೊರಟಾಗ ನನಗೆ ಸ್ಪ್ಯಾನರ್ ಹಿಡಿಯಲೂ ಸರಿಯಾಗಿ ಬರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆ ಅದು. ಎಂಟು ಸಿಲಿಂಡರಿನ ಕಾರಿನ ಹುಚ್ಚು ಮಾತ್ರ ಚಿಕ್ಕಂದಿನದು. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಒಬ್ಬ ಕಂಟ್ರಾಕ್ಟರು ಅಂಥದ್ದರಲ್ಲಿ ಓಡಾಡುತ್ತಿದ್ದರು, ಅದರ ಸದ್ದು ಕೇಳಲೆಂದೇ ನಾನು ಶಾಲೆ ತಪ್ಪಿಸುತ್ತಿದ್ದೆ. ವಿಷಯ ತೀರ್ಥಹಳ್ಳಿಯ ಮಾವನಿಗೆ ಮುಟ್ಟಿತು. ಅಳಿಯ ತಂದ ರೇಡಿಯೋ ಹಾಡಲಿಲ್ಲ, ಗಡಿಯಾರ ನಡೆಯಲಿಲ್ಲ, ಇನ್ನು ಅವನು ಆರಿಸಿದ ಕಾರನ್ನು ನಾನಂತೂ ಹತ್ತುವುದಿಲ್ಲ ಎಂದು ಅವರು ಊರಿಗೆಲ್ಲ ಹೇಳಿಬಿಟ್ಟರು. ನನಗೆ ಛಲ ಬಂತು. ಅವರನ್ನು ಹತ್ತಿಸಿಯೇ ಸೈ ಎಂದುಕೊಂಡೆ.

ಸಾಗರದಲ್ಲಿ ಒಂದು ಕೆಂಪು ಕಾರು ಮಾರಾಟಕ್ಕಿತ್ತು. ಹೊಸ ಬಣ್ಣ, ಮುಖ ಕಾಣುವಷ್ಟು ಹೊಳಪು. ನಾನು ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕುವಷ್ಟರಲ್ಲಿ ಜೊತೆಗೆ ಬಂದಿದ್ದ ಹೆಂಡತಿ ಬಾಗಿಲು ತೆಗೆದು, ಸೀಟಿನಡಿಗೆ ಮೊಣಕೈವರೆಗೆ ಕೈ ತೂರಿಸಿದ್ದಳು. ಅವಳಪ್ಪ, ಅಂದರೆ ಅದೇ ಮಾವ, ಅಡಿಕೆ ಖರೀದಿಯವರು. ಮೂಟೆಯ ಬಾಯಲ್ಲಿ ಒಳ್ಳೆಯ ಅಡಿಕೆಯನ್ನು ಎಲ್ಲರೂ ಇಟ್ಟಿರುತ್ತಾರೆ. ತಳದಿಂದ ಒಂದು ಹಿಡಿ ತೆಗೆದು ನೋಡದೆ ಅವರ ಮನೆಯಲ್ಲಿ ಯಾರೂ ವ್ಯಾಪಾರದ ಮಾತೆತ್ತುವುದಿಲ್ಲ. ಮಾರುವವರ ಎದುರು ನನಗೆ ನಾಚಿಕೆಯಾಗಿ ಸಿಟ್ಟು ನೆತ್ತಿಗೇರಿತು. ಅವಳು ಕೈ ಹೊರಗೆ ತೆಗೆದಾಗ ಅಂಗೈ ತುಂಬ ತುಕ್ಕಿನ ಚಕ್ಕೆ.

"ಬರೀ ಬಣ್ಣ ಕಣ್ರೀ, ತಳಾನೇ ಇಲ್ಲ," ಎಂದಳು.

ಎರಡು ದಿನ ನಾನು ಮುಖ ಊದಿಸಿಕೊಂಡು ತಿರುಗಿದೆ. ಮೂರನೆಯ ದಿನ, ಹೊಸನಗರದ ಹಳೆಯ ಅಕ್ಕಿ ಗಿರಣಿಯಲ್ಲಿ ನಿಂತಿದ್ದ ಇನ್ನೊಂದು ಕಾರನ್ನು ನೋಡಲು ಹೋದೆವು. ಅದರ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನನಗೆ ಅಳು ಬರುವುದೊಂದು ಬಾಕಿ. ಅವಳು ಕೋಳಿಯನ್ನು ಎಬ್ಬಿಸದೆ ಸೀಟಿನಡಿ ಕೈಯಾಡಿಸಿ, ತಗಡನ್ನು ಬೆರಳಿನಿಂದ ಕುಟ್ಟಿ ನೋಡಿ, ಇದೇ ಆಗಲಿ ಎಂದಳು. ಮರಿಗಳು ಹೊರಬರುವವರೆಗೆ ಕಾದು ಕಾರನ್ನು ಮನೆಗೆ ಎಳೆಸಿ ತಂದೆವು.

ಒಂದು ವರ್ಷ ಬಿಚ್ಚಿದೆ, ಕಟ್ಟಿದೆ. ಒಮ್ಮೆ ಎಲ್ಲ ಜೋಡಿಸಿದ ಮೇಲೆ ಒಂದು ಡಬ್ಬಿ ತುಂಬ ನಟ್ಟುಗಳು ಉಳಿದವು. ಮತ್ತೆ ಮೊದಲಿನಿಂದ ಬಿಚ್ಚಿದೆ. ಕೊನೆಗೊಂದು ಬೆಳಿಗ್ಗೆ ಎಂಟೂ ಸಿಲಿಂಡರುಗಳು ಒಟ್ಟಿಗೆ ಗುಡುಗಿದಾಗ ಅಂಗಳದಲ್ಲಿ ಕುಣಿದೆ, ನಿಜವಾಗಿಯೂ ಕುಣಿದೆ.

ಅಂದೇ ತೀರ್ಥಹಳ್ಳಿಗೆ ಹೋದೆವು. ಹಾರ್ನ್ ಕೇಳಿ ಮಾವ ಹೊರಗೆ ಬಂದರು. ನಾನು ಬಳಿದಿದ್ದ ಬಣ್ಣದ ಕಡೆ ಕಣ್ಣೂ ಹಾಯಿಸಲಿಲ್ಲ. ಬಾಗಿಲು ತೆಗೆದು, ಬಗ್ಗಿ, ಸೀಟಿನಡಿಗೆ ಕೈ ಹಾಕಿದರು. ಆಮೇಲೆ ಅಂಗೈ ನೋಡಿಕೊಂಡರು, ತುಕ್ಕಿನ ಚಕ್ಕೆ ಒಂದೂ ಇರಲಿಲ್ಲ.

"ಆರಿಸಿದ್ದು ಯಾರು?"

ನಾನೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ನಿಮ್ಮ ಮಗಳು," ಎಂದೆ.

ಮಾವ ಒಳಗೆ ಹೋಗಿ ಶಲ್ಯ ಹೊದ್ದು ಬಂದು, ಮುಂದಿನ ಉದ್ದ ಸೀಟಿನಲ್ಲಿ ಮಗಳ ಪಕ್ಕ ಕೂತರು.